ಅತ್ತೆ ಓದಿಸಿದ ಭತ್ತ

ನಮ್ಮ ಸೋದರತ್ತೆಗೆ ಹುಚ್ಚು ಹಿಡಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇನ್ನೆರಡು ಪುಟ ಓದುವಷ್ಟರಲ್ಲಿ ನಿಮಗೆ ಆ ಅನುಮಾನ ಬಂದೇ ಬರುತ್ತದೆ. ಹೊನ್ನಾಳಿಯ ಅರ್ಧ ಊರಿಗೆ ಈಗಾಗಲೇ ಬಂದಿದೆ. ಉಳಿದರ್ಧ ಊರು ಅವರ ಕೈಯಲ್ಲಿ ಓದಿದ್ದರಿಂದ ಬಾಯಿ ಬಿಡುವುದಿಲ್ಲ! ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಟೀಚರ್ ಏನು ಮಾಡಬೇಕು ಹೇಳಿ? ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಬೇಕು, ಸಂಜೆ ಹೊಳೆಯ ದಂಡೆಗೆ ಹೋಗಿ ಕುಳಿತು ಊರವರ ಸೊಸೆಯಂದಿರ ಬಗ್ಗೆ ಮಾತಾಡಬೇಕು. ನಮ್ಮತ್ತೆ ಭತ್ತಕ್ಕೆ ಉಪ್ಪು ತಿನ್ನಿಸಿ ಬುದ್ಧಿ ಕಲಿಸಲು ಹೊರಟರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಗಾದೆಯಿದೆ. ಅತ್ತೆಗೆ ಅಷ್ಟು ಸಾಲದು. ಉಪ್ಪು ತಿಂದ ಭತ್ತ ನೀರನ್ನೂ ಕುಡಿಯಬೇಕು, ತೆನೆಯನ್ನೂ ಬಿಡಬೇಕು, ಸಾಲದ್ದಕ್ಕೆ ತಾನು ಉಪ್ಪು ತಿಂದು ಬದುಕಿದ ಕತೆಯನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಬೇಕು. ಇದು ಅವರ ಹಟ.

ಇಷ್ಟಕ್ಕೆಲ್ಲ ಕಾರಣ ಮಾವನ ಗದ್ದೆಯ ಕೆಳಮೂಲೆ. ಮಾವ ಎಂದರೆ ಅತ್ತೆಯ ಯಜಮಾನರು. ಮಾತು ಕಡಿಮೆ, ನಗು ಅದಕ್ಕಿಂತ ಸ್ವಲ್ಪ ಜಾಸ್ತಿ. ಊರಿನಿಂದ ಎರಡು ಮೈಲಿ ಆಚೆ, ನಾಲೆಯ ಕೊನೆಯಲ್ಲಿ ಅವರಿಗೆ ಎರಡೆಕರೆ ಗದ್ದೆಯಿದೆ. ಮೇಲಿನವರ ನೀರೆಲ್ಲ ಇಳಿದು ಬಂದು ಕೆಳಮೂಲೆಯಲ್ಲಿ ನಿಲ್ಲುತ್ತದೆ. ಬಸಿಗಾಲುವೆ ಹೂಳು ತುಂಬಿ ಎಂದೋ ಮುಚ್ಚಿಹೋಗಿದೆ. ನಿಂತ ನೀರು ಬಿಸಿಲಿಗೆ ಆರುತ್ತಾ ಆರುತ್ತಾ ನೆಲದೊಳಗಿನ ಉಪ್ಪನ್ನು ಮೇಲಕ್ಕೆಳೆದು ತಂದು, ಹತ್ತು ಗುಂಟೆ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಯಿತು. ನಮ್ಮ ಕಡೆ ಇದಕ್ಕೆ ಸವಳು ಬೀಳುವುದು ಎನ್ನುತ್ತಾರೆ. ಮಾವನ ತಾಯಿ ಪ್ರತಿ ವರ್ಷ ನಾಟಿಯ ಮೊದಲ ಸಸಿ ಊರುತ್ತಿದ್ದುದು ಆ ಮೂಲೆಯಲ್ಲೇ. ಎರಡು ವರ್ಷ ಅಲ್ಲಿ ಪೈರು ಸುಟ್ಟುಹೋದ ಮೇಲೆ ಮಾವ ಗದ್ದೆಯನ್ನು ಪಾಲಿಗೆ ಕೊಟ್ಟರು. ಅವರ ಬೆಳಗಿನ ನಡಿಗೆ ನಾಲೆಯ ಸೇತುವೆಗೆ ಬಂದು ನಿಂತಿತು. ಸೇತುವೆಯ ಮೇಲೆ ನಿಂತರೆ ಮೂಲೆ ಕಾಣುತ್ತದೆ, ಅದಕ್ಕೇ ಬೆನ್ನು ಆ ಕಡೆ ಮಾಡಿ ನಿಂತು ಎಲೆಯಡಿಕೆ ಹಾಕಿಕೊಂಡು ವಾಪಸು ಬರುತ್ತಿದ್ದರು.

ಅತ್ತೆಗೆ ಬೇಕಾದದ್ದು ಇಷ್ಟೇ: ಆ ಮೂಲೆ ಹಸಿರಾಗಬೇಕು, ಮಾವ ಸೇತುವೆ ದಾಟಬೇಕು. ಬಸಿಗಾಲುವೆ ತೆಗೆಸಿ ಎಂದು ತಿಳಿದವರು ಹೇಳಿದರು. ಕಾಲುವೆ ತೆಗೆಯಲು ಹತ್ತು ಮನೆಯವರು ಸೇರಬೇಕು, ನಮ್ಮೂರಲ್ಲಿ ಹತ್ತು ಮನೆಯವರು ಸೇರುವುದು ಮದುವೆಯ ಊಟಕ್ಕೆ ಮಾತ್ರ. ಆಗಲೇ ಅತ್ತೆ ಫೋನಿನಲ್ಲಿ ಏನನ್ನೋ ಹುಡುಕುತ್ತಾ ಡಿಎನ್‌ಎ ಮೀಥೈಲೀಕರಣ ಎಂಬ ದೇವರನ್ನು ಕಂಡುಕೊಂಡರು.

ದೇವರಿಗೆ ಪೂಜಾರಿ ಬೇಕಲ್ಲ, ಅದು ನಾನು. ಬಸ್‌ಸ್ಟ್ಯಾಂಡಿನ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಆಧಾರ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಇವೇ ನನ್ನ ವೇದ ಪುರಾಣ. ಅತ್ತೆ ದಿನಕ್ಕೊಂದು ಇಂಗ್ಲಿಷ್ ಸಂಶೋಧನಾ ಲೇಖನ ಹಿಡಿದು ಬರತೊಡಗಿದರು. ಒಂದೊಂದೂ ಇಪ್ಪತ್ತು ಪುಟ, ಎಲ್ಲವೂ ಕಲರ್‌ನಲ್ಲೇ ಬೇಕು, ಎಲ್ಲವೂ ಮೂರು ಮೂರು ಪ್ರತಿ. ಮೂರು ಏಕೆ ಎಂದು ಕೇಳಿದರೆ, ಒಂದು ಓದಲು, ಒಂದು ಗೆರೆ ಹಾಕಲು, ಒಂದು ಕಳೆದುಹೋದರೆ ಇರಲಿ ಎಂದು! ಪ್ರಿಂಟ್ ಬರುವಷ್ಟು ಹೊತ್ತು ಸುಮ್ಮನಿರುವ ಜಾಯಮಾನ ಅವರದಲ್ಲ. ಸರತಿಯಲ್ಲಿ ನಿಂತವರಿಗೆ ಪಾಠ ಶುರು. ಪಹಣಿ ನಕಲು ಮಾಡಿಸಲು ಬಂದ ಹಳ್ಳಿಯ ಹಿರಿಯರೊಬ್ಬರಿಗೆ ಒಮ್ಮೆ ಗಿಡಗಳ ಜ್ಞಾಪಕಶಕ್ತಿಯ ಮೇಲೆ ಮುಕ್ಕಾಲು ಗಂಟೆ ಹೇಳಿದರು. ಅವರು ತಲೆದೂಗಿ, ಕೈಮುಗಿದು, ಪಹಣಿಯನ್ನು ನನ್ನ ಕೌಂಟರಿನ ಮೇಲೆಯೇ ಮರೆತು ಬಸ್ಸು ಹತ್ತಿದರು. ಅದನ್ನು ಅವರ ಊರಿಗೆ ತಲುಪಿಸಲು ನಾನು ಒಂದು ಭಾನುವಾರ ಕಳೆದುಕೊಂಡೆ.

ನನಗೆ ಮಾತ್ರ ಇದೊಂದೂ ತಲೆಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕೂರಿಸಿಕೊಂಡು, ಶಾಲೆಯಲ್ಲಿ ನೀನು ಓದಿದ ವಿಜ್ಞಾನದ ಪುಸ್ತಕ ನೆನಪಿದೆಯಾ ಎಂದು ಕೇಳಿದರು. ನೆನಪಿಲ್ಲದೆ ಏನು? ಆಗ ಪಾಸಾದವರ ಹಳೇ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು ಓದುವ ಪದ್ಧತಿ. ನನಗೆ ಬಂದ ಪುಸ್ತಕದಲ್ಲಿ ಹಿಂದಿನ ಯಾವನೋ ಪುಣ್ಯಾತ್ಮ ಐದಾರು ಪಾಠಗಳ ಪಕ್ಕ ಪೆನ್ಸಿಲಿನಲ್ಲಿ 'ಬರಲ್ಲ' ಎಂದು ಬರೆದಿದ್ದ. ಪರೀಕ್ಷೆಗೆ ಬರುವುದಿಲ್ಲ ಎಂದರ್ಥ. ಅವನೂ ಓದಿರಲಿಲ್ಲ, ನಾನೂ ಓದಲಿಲ್ಲ, ನನ್ನಿಂದ ಕೊಂಡವನೂ ಓದಲಿಲ್ಲ. ನಾವು ಮೂವರೂ ತೆಗೆದ ಅಂಕಗಳ ವಿಚಾರ ಇಲ್ಲಿ ಬೇಡ.

ಅತ್ತೆ ಅಂದರು, "ಪುಸ್ತಕದಾಗೆ ಒಂದು ಅಕ್ಷರನಾದ್ರೂ ಬದಲಾಗಿತ್ತೇನು? ಇಲ್ಲ. ಆದ್ರೂ ಮೂರು ವರ್ಷ ಮೂರು ದಡ್ಡರು ಅದೇ ಪಾಠ ಬಿಟ್ರಿ. ಗಿಡದ ಡಿಎನ್‌ಎನೂ ಹಂಗೇ ಕಣಪ್ಪ. ಅಕ್ಷರ ಇದ್ದಂಗೇ ಇರ್ತಾವೆ. ಅದರ ಮೇಲೆ ಮೀಥೈಲ್ ಅನ್ನೋ ಸಣ್ಣ ಗುರುತು ಕೂತ್ಕಂತೈತೆ, ಒಂದು ಕಾರ್ಬನ್ನು ಮೂರು ಹೈಡ್ರೋಜನ್ನು, ಅಷ್ಟೇ. ಗುರುತು ಕೂತ ಪಾಠನ ಗಿಡ ಸಾಮಾನ್ಯ ಓದಲ್ಲ. ಉಪ್ಪು ಬಂತಾ, ಆಗ ಕೆಲವು ಗುರುತು ಅಳಿಸ್ತೈತೆ, ಕೆಲವು ಹೊಸದಾಗಿ ಹಾಕ್ತೈತೆ, ಉಪ್ಪನ್ನ ಬೇರಿನಾಗೇ ತಡೆಯೋದು ಹೆಂಗೆ ಅನ್ನೋ ಪಾಠ ತೆಗೆದು ಓದಾಕೆ ಕೂತ್ಕಂತೈತೆ. ಬೀಜ ಕಟ್ಟೋ ಹೊತ್ತಿಗೆ ಎಷ್ಟೋ ಗುರುತು ಒರೆಸಿ ಹೋಗ್ತಾವೆ. ಕೆಲವು ಉಳೀತಾವೆ. ಆ ಉಳಿದಿದ್ದರ ಮೇಲೆ ನನ್ನ ಆಸೆ."

ಆ ಹೊತ್ತಿಗೆ ನನಗೆ ಅರ್ಥವಾದದ್ದು ಎರಡೇ. ಒಂದು, ಉಪ್ಪು ಕಂಡ ಭತ್ತದ ಮಕ್ಕಳು ಉಪ್ಪನ್ನು ಕಂಡರೆ ಅಷ್ಟು ಹೆದರದೇ ಇರಬಹುದು. ಎರಡು, ನಾನು ದಡ್ಡ ಎಂಬುದು ಅತ್ತೆಗೆ ಮೊದಲಿಂದಲೂ ಗೊತ್ತಿತ್ತು.

ಮರುವಾರ ಅತ್ತೆಯ ಮನೆಯ ತಾರಸಿಯ ಮೇಲೆ ಶಾಲೆ ಆರಂಭವಾಯಿತು. ಶಾಲೆಯೆಂದರೆ ಶಾಲೆಯೇ! ಪ್ಲಾಸ್ಟಿಕ್ ಟಬ್ಬುಗಳಲ್ಲಿ ಭತ್ತದ ಸಸಿ, ಪ್ರತಿ ಟಬ್ಬಿಗೂ ಒಂದೊಂದು ಬೋರ್ಡು. ಎಲ್‌ಕೆಜಿಗೆ ಚಿಟಿಕೆ ಉಪ್ಪಿನ ನೀರು, ಯುಕೆಜಿಗೆ ಚಮಚೆಯಷ್ಟು, ಒಂದನೇ ಕ್ಲಾಸಿಗೆ ಸಾರಿಗೆ ಹಾಕುವಷ್ಟು. ಏಕಾಏಕಿ ಉಪ್ಪು ಸುರಿದರೆ ಸಸಿ ಸಾಯುತ್ತದೆ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು ಎಂಬುದು ತತ್ವ. ಬೆಳಗ್ಗೆ ಏಳಕ್ಕೆ ಅತ್ತೆ ಕನ್ನಡಕ ಏರಿಸಿ, ನೋಟ್‌ಬುಕ್ಕು ಹಿಡಿದು ಹಾಜರಿ ತೆಗೆದುಕೊಳ್ಳುತ್ತಿದ್ದರು. ನೆಟ್ಟಗೆ ನಿಂತದ್ದು ಹಾಜರು, ತುದಿ ಒಣಗಿದ್ದಕ್ಕೆ ಎಚ್ಚರಿಕೆ, ಬಾಗಿ ಬಿದ್ದದ್ದು ಗೈರು. ಪಾಸಾದವನ್ನು ಮಾತ್ರ ಕೆಳಮೂಲೆಗೆ ಒಯ್ದು ನೆಡುತ್ತಿದ್ದರು. ಮದುವೆಗೆ ಕರೆಯಲು ಬಂದ ನೆಂಟರೊಬ್ಬರು ಬಿಸಿಲಲ್ಲಿ ದಣಿದು, ತಾರಸಿಯ ಮೇಲಿದ್ದ ತಂಬಿಗೆ ಎತ್ತಿ ಗಟಗಟ ಕುಡಿದುಬಿಟ್ಟರು. ಅವರ ಮುಖ ಹುಳ್ಳಗಾದದ್ದನ್ನು ಕಂಡು ನಾನು ಓಡಿಹೋದರೆ ಅತ್ತೆ ಬೋರ್ಡು ನೋಡಿ, ಗಾಬರಿ ಬೇಡ, ಅದು ಬರೀ ಎಲ್‌ಕೆಜಿ ನೀರು ಎಂದು ಸಮಾಧಾನ ಹೇಳಿದರು. ಪಾಪ, ಆ ನೆಂಟರು ಆಮೇಲೆ ಕರೆಯೋಲೆಗಳನ್ನೆಲ್ಲ ಅಂಚೆಯಲ್ಲೇ ಕಳಿಸುತ್ತಿದ್ದಾರೆ.

ಇದರ ನಡುವೆ ಮಾವನಿಗೆ ಬಿಪಿ. ಡಾಕ್ಟರು ಉಪ್ಪು ಬಿಡಿ ಎಂದಿದ್ದರು. ಅತ್ತೆ ಮಾವನ ಸಾರಿನಿಂದ ಉಪ್ಪನ್ನು ಪೂರ್ತಿ ತೆಗೆದರು. ಆದರೆ ಕಿರಾಣಿ ಅಂಗಡಿಯಿಂದ ಕಲ್ಲುಪ್ಪು ಮೂಟೆಯಲ್ಲಿ ಬರುತ್ತಲೇ ಇತ್ತು. ಚಿಕ್ಕ ಊರು ನೋಡಿ, ಕಿರಾಣಿಯವರ ಬಾಯಿಂದ ಸುದ್ದಿ ಕಂಪೌಂಡರಿಗೆ ಹೋಗಿ, ಅಲ್ಲಿಂದ ಡಾಕ್ಟರಿಗೆ ಮುಟ್ಟಿತು. ಮುಂದಿನ ಸಲ ಮಾವ ಹೋದಾಗ ಡಾಕ್ಟರು ರೇಗಾಡಿಬಿಟ್ಟರು. ಮಾವ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, "ಸಾರ್, ಉಪ್ಪು ತಿನ್ನಾದು ನಾನಲ್ರೀ, ನಮ್ಮನೆ ಭತ್ತ" ಎಂದರಂತೆ. ಡಾಕ್ಟರು ಪೆನ್ನು ಕೆಳಗಿಟ್ಟು, ಬಿಪಿ ಮಾತ್ರೆಯ ಜೊತೆಗೆ ತಲೆಯ ಡಾಕ್ಟರೊಬ್ಬರ ವಿಳಾಸವನ್ನೂ ಬರೆದುಕೊಟ್ಟರು. ಅದನ್ನು ಮಾವ ಇಂದಿಗೂ ಅತ್ತೆಗೆ ತೋರಿಸಿಲ್ಲ.

ಒಮ್ಮೆ ಕತ್ತಲಗೆರೆ ಕಡೆ ರೈತರ ಸಭೆಯಿದೆಯೆಂದು ಕೇಳಿ ಅತ್ತೆ ನನ್ನ ಸ್ಕೂಟರಿನ ಹಿಂದೆ ಒಂದು ಟಬ್ಬನ್ನು ತೊಡೆಯ ಮೇಲಿಟ್ಟುಕೊಂಡು ಹೊರಟರು. ಅರ್ಧ ದಾರಿ ದಾಟುವ ಹೊತ್ತಿಗೆ ನನ್ನ ಅಂಗಿಯ ಬೆನ್ನೆಲ್ಲ ಉಪ್ಪುನೀರು. ಸಭೆಯಲ್ಲಿ ತಜ್ಞರೊಬ್ಬರು ತಾಳ್ಮೆಯಿಂದ ಎಲ್ಲ ಕೇಳಿ, ಮೇಡಂ, ನಿಮ್ಮ ಸಸಿ ಬದುಕಿದ್ದು ಮೀಥೈಲ್ ಗುರುತಿನಿಂದಲೋ, ಅಥವಾ ಬಡಕಲು ಕಾಳೆಲ್ಲ ಸತ್ತು ಗಟ್ಟಿ ಕಾಳು ಮಾತ್ರ ಉಳಿದದ್ದರಿಂದಲೋ, ಅದನ್ನು ಪ್ರಯೋಗಾಲಯದಲ್ಲೇ ನೋಡಬೇಕು ಎಂದರು. ಸರಿಯಾದ ಪ್ರಶ್ನೆ! ಅತ್ತೆಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಅದೇ ತಳಿಯ ಭತ್ತವನ್ನು ಸಿಹಿನೀರಿನ ಟಬ್ಬೊಂದರಲ್ಲಿ ಹಾಕಿ ಪಕ್ಕಕ್ಕಿಟ್ಟರು, ಹೋಲಿಸಿ ನೋಡಲು. ಆಮೇಲೆ ನನಗೆ ಹೇಳಿದರು, "ಎರಡೂ ಇರಬೋದು ಕಣಪ್ಪ. ನನಗೆ ಗೊತ್ತಾಗೋ ಹೊತ್ತಿಗೆ ನೂರು ವರ್ಷ ಆಗಿರ್ತೈತೆ. ಸದ್ಯ ಭತ್ತಕ್ಕೆ ಗೊತ್ತಿದ್ರೆ ಸಾಕು." ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅವತ್ತು. ಅದಕ್ಕೆ ಮೊದಲು ಇದ್ದದ್ದು ಬರೀ ಭಯ.

ಮೊದಲ ವರ್ಷ ಕೆಳಮೂಲೆ ಕೊಟ್ಟದ್ದು ಒಂದು ಬೊಗಸೆ ಭತ್ತ, ಮುಕ್ಕಾಲು ಪಾಲು ಜೊಳ್ಳು. ಎರಡನೇ ವರ್ಷ ಒಂದು ಮೊರ. ಆಗ ಅತ್ತೆಯ ಸಂಭ್ರಮ ಕೇಳಬೇಕೆ? ಮದುವೆ, ಗೃಹಪ್ರವೇಶಗಳಿಗೆ ಮುಯ್ಯಿ ಬದಲು ಲಕೋಟೆಯಲ್ಲಿ ಒಂದೊಂದು ಹಿಡಿ ಬೀಜ, ಜೊತೆಗೆ ನನ್ನ ಅಂಗಡಿಯಲ್ಲಿ ಮುದ್ರಿಸಿದ ಸೂಚನಾ ಪತ್ರ! ಮೂರನೇ ವರ್ಷ, ಅಂದರೆ ಕಳೆದ ಬೆಳೆಯಲ್ಲಿ, ಒಂದು ಸಣ್ಣ ಚೀಲ ತುಂಬಿತು. ಅಜ್ಜಿ ಉಪ್ಪು ಕಂಡದ್ದು, ತಾಯಿ ಉಪ್ಪು ಕಂಡದ್ದು, ತಾನೂ ಉಪ್ಪು ಕಂಡದ್ದು. ಚೀಲದ ಬಾಯಿಗೆ ಅತ್ತೆ ಕೆಂಪು ದಾರ ಕಟ್ಟಿದರು. ಹತ್ತು ಗುಂಟೆಗೂ ಸಾಲುವಷ್ಟು ಬೀಜ. ಅಲ್ಲಿಯವರೆಗೆ ಅಲ್ಲೊಂದು ಇಲ್ಲೊಂದು ತೇಪೆ ಹಾಕಿದಂತಿದ್ದ ಮೂಲೆ ಈ ಮುಂಗಾರಿಗೆ ಪೂರ್ತಿ ನಾಟಿಯಾಗಬೇಕಿತ್ತು. ಮಾವ ಕೂಡ ಮಾತು ಕೊಟ್ಟಿದ್ದರು. ಅರ್ಧಂಬರ್ಧ ಹಸಿರು ನೋಡಲಾರೆ, ಪೂರ್ತಿಯಾದರೆ ಬರುತ್ತೇನೆ ಎಂದಿದ್ದರು.

ಇಂಥ ಹೊತ್ತಿನಲ್ಲಿ ನಾನು ಹೊಸ ಕಲರ್ ಪ್ರಿಂಟರ್ ತಂದೆ. ಹಳೆಯದು ಅತ್ತೆಯ ಲೇಖನಗಳನ್ನು ತೆಗೆದೂ ತೆಗೆದೂ ಸತ್ತಿತ್ತು. ಹೊಸ ಯಂತ್ರಕ್ಕೆ ಪೂಜೆ ಮಾಡಬೇಕು, ಪೂಜೆಗೆ ಮಂಡಕ್ಕಿ ಹಂಚಬೇಕು. ಮಂಡಕ್ಕಿ ಹಂಚದಿದ್ದರೆ ನಮ್ಮ ಸೀಮೆಯಲ್ಲಿ ಯಂತ್ರಗಳು ಕೆಲಸ ಮಾಡುವುದಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ! ಮನೆಯ ಭತ್ತವನ್ನು ಭಟ್ಟಿಗೆ ಕೊಟ್ಟರೆ ಅವರೇ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡಿಕೊಡುತ್ತಾರೆ. ಅತ್ತೆ ಆ ವಾರ ಶಿವಮೊಗ್ಗಕ್ಕೆ ಗೆಳತಿಯ ಮನೆಗೆ ಹೋಗಿದ್ದರು. ನಾನು ಮಾವನ ಹತ್ತಿರ ಹೋಗಿ ಸ್ವಲ್ಪ ಭತ್ತ ಬೇಕು ಎಂದೆ. ಮಾವ ಧಾರಾಳವಾಗಿ, ಬಾಗಿಲ ಪಕ್ಕದ ಚೀಲ ತಗೊಂಡು ಹೋಗು ಎಂದರು. ಬಾಗಿಲ ಪಕ್ಕ ಯಾವಾಗಲೂ ಇರುತ್ತಿದ್ದುದು ಊಟದ ಭತ್ತ. ಆದರೆ ಹೊರಡುವ ಹಿಂದಿನ ದಿನ ಅತ್ತೆ, ಬೀಜಕ್ಕೆ ಗಾಳಿಯಾಡಲಿ ಎಂದು ಎರಡು ಚೀಲಗಳ ಜಾಗ ಅದಲು ಬದಲು ಮಾಡಿದ್ದರು. ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ, ಪೂಜೆಯ ಅವಸರದಲ್ಲಿ ಕೆಂಪು ದಾರ ನನ್ನ ಕಣ್ಣಿಗೇ ಬೀಳಲಿಲ್ಲ.

ಪೂಜೆಯ ದಿನ ಅತ್ತೆ ಬಸ್ಸಿಳಿದು ನೇರ ಅಂಗಡಿಗೇ ಬಂದರು. ಒಂದು ಸಣ್ಣ ಚೀಲ ಕೊಟ್ಟು ಐದು ದೊಡ್ಡ ಚೀಲ ಮಂಡಕ್ಕಿ ತಂದ ಹೆಮ್ಮೆಯಲ್ಲಿ ನಾನಿದ್ದೆ. ಪ್ರಿಂಟರಿಗೆ ಹೂವಿನ ಹಾರ, ನಿಂಬೆಹಣ್ಣು, ಊದುಬತ್ತಿ. ಮಾವ ಬಂದವರಿಗೆಲ್ಲ ಬೊಗಸೆ ಬೊಗಸೆ ಮಂಡಕ್ಕಿ ಹಂಚುತ್ತಿದ್ದರು. ಅತ್ತೆಯ ಕಣ್ಣು ಮೂಲೆಯಲ್ಲಿ ಮಡಚಿಟ್ಟಿದ್ದ ಖಾಲಿ ಚೀಲದ ಮೇಲೆ ಬಿತ್ತು. ಅದನ್ನೆತ್ತಿ, ಬಾಯಿಗೆ ಕಟ್ಟಿದ್ದ ಕೆಂಪು ದಾರವನ್ನು ಬೆರಳಲ್ಲಿ ಹಿಡಿದು ನೋಡಿದರು. ನನ್ನನ್ನು ನೋಡಿದರು, ಮಾವನನ್ನು ನೋಡಿದರು. ಆಮೇಲೆ ಬುಟ್ಟಿಯಿಂದ ಒಂದು ಕಾಳು ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಉಪ್ಪು ಸಾಲದು," ಎಂದರು.

ನಿಮಗೆ ನಗು ಬಂತೇ? ನನಗೂ ಬಂತು, ಒಪ್ಪಿಕೊಳ್ಳುತ್ತೇನೆ. ಮರುಗಳಿಗೆ ಮಾವನ ಮುಖ ಕಂಡು ಆ ನಗು ಹಾರಿಹೋಯಿತು. ಮೂರು ವರ್ಷದ ಬೀಜವನ್ನು ಅವರೇ ತಮ್ಮ ಕೈಯಾರೆ ಊರಿಗೆಲ್ಲ ಹಂಚಿ ಮುಗಿಸಿದ್ದರು. ಲೇಖನಗಳಿಗೆ ಮೂರು ಮೂರು ಪ್ರತಿ ಮಾಡಿಸಿದ ಅತ್ತೆ ಬೀಜವನ್ನು ಮಾತ್ರ ಒಂದೇ ಚೀಲದಲ್ಲಿಟ್ಟಿದ್ದರು. ತಾರಸಿಯ ಟಬ್ಬುಗಳು ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದಿದ್ದವು.

ಅತ್ತೆ ಸೋಲುವವರಲ್ಲ. ಮರುದಿನ ಬೆಳಗ್ಗೆಯೇ ಲಕೋಟೆ ಪಡೆದವರ ಪಟ್ಟಿ ಹಿಡಿದು ನನ್ನ ಸ್ಕೂಟರ್ ಹತ್ತಿದರು. ಎಲ್ಲಾದರೂ ಒಂದು ಹಿಡಿ ಉಳಿದಿದ್ದರೆ ಅದರಿಂದಲೇ ಮತ್ತೆ ಶುರು ಮಾಡಬಹುದು ಎಂಬ ಲೆಕ್ಕ. ಮೊದಲು ನ್ಯಾಮತಿ ದಾಟಿ ಸೂರಗೊಂಡನಕೊಪ್ಪದಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಟೀಚರೊಬ್ಬರ ಮನೆಗೆ ಹೋದೆವು. ಅವರು ಸಂಭ್ರಮದಿಂದ ದೇವರ ಕೋಣೆಗೆ ಕರೆದೊಯ್ದು ತೋರಿಸಿದರು. ಗೆಳತಿ ಕೊಟ್ಟ ಬೀಜವೆಂದು ಬೆಳ್ಳಿಯ ಬಟ್ಟಲಲ್ಲಿಟ್ಟು ದಿನವೂ ಅರಿಶಿನ ಕುಂಕುಮ ಏರಿಸಿ, ಮೇಲೆ ದೀಪದ ಎಣ್ಣೆಯೂ ಸೋರಿ, ಭತ್ತ ಉಪ್ಪಿನಕಾಯಿಯಂತೆ ಹೊಳೆಯುತ್ತಿತ್ತು. ಅತ್ತೆ ಒಂದು ಕಾಳು ಉಗುರಲ್ಲಿ ಸೀಳಿ ನೋಡಿ, ಕೈಮುಗಿದು ಹೊರಗೆ ಬಂದರು. ಮೋಕ್ಷ ಸಿಕ್ಕಿದ ಬೀಜ ಮೊಳೆಯುವುದೆಲ್ಲಿಂದ?

ಅಲ್ಲಿಂದ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಗೆ, ಅತ್ತೆಯ ಚಿಕ್ಕಮ್ಮನ ಮಗನ ಮನೆಗೆ. ಆತ ತಲೆ ಕೆರೆದುಕೊಂಡು, ಲಕೋಟೆಯನ್ನು ಕಿಟಕಿಯಲ್ಲಿಟ್ಟಿದ್ದೆವು, ಕೋಳಿ ಹರಿದು ತಿಂದುಬಿಟ್ಟಿತು ಎಂದ. ಕೋಳಿ ಎಲ್ಲಿ ಎಂದರು ಅತ್ತೆ. ಅದನ್ನು ನಾವು ತಿಂದುಬಿಟ್ಟೆವು ಎಂದ. ಅತ್ತೆ ಒಂದು ಕ್ಷಣ ಯೋಚಿಸಿ ಗಂಭೀರವಾಗಿ ಕೇಳಿದರು, "ಸಾರು ಉಪ್ಪಾಗಿತ್ತೇನು?" ಆತ ನನ್ನನ್ನು ಪಕ್ಕಕ್ಕೆ ಕರೆದು, ಅಕ್ಕನ ಆರೋಗ್ಯ ಹೇಗಿದೆ ಎಂದು ವಿಚಾರಿಸಿಕೊಂಡ.

ಉಳಿದದ್ದು ಜಗಳೂರು. ಅಷ್ಟು ದೂರ ಸ್ಕೂಟರ್ ಬೇಡವೆಂದು ಮರುದಿನ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅತ್ತೆ ಪಕ್ಕದ ಸೀಟಿನವರಿಗೆ ಉಪ್ಪು, ಬೇರು, ಗುರುತು ಎಂದು ಹೇಳುತ್ತಲೇ ಇದ್ದರು. ಅಲ್ಲಿ ಮಾವನ ಸೋದರ ಸೊಸೆಯ ಮನೆ. ಲಕೋಟೆ ಕೊಟ್ಟದ್ದು ಅವಳ ಮದುವೆಯಲ್ಲೇ. ಅವಳು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ನಡೆದದ್ದನ್ನು ಹೇಳಿದಳು. ಅವರ ಕಡೆ ಬೆಳೆಯುವುದು ಮೆಕ್ಕೆಜೋಳ, ರಾಗಿ. ಹೊಸಿಲ ಮೇಲೆ ಸೇರು ಇಟ್ಟು ಮದುಮಗಳು ಒದ್ದು ಒಳಗೆ ಬರುವ ಶಾಸ್ತ್ರಕ್ಕೆ ಭತ್ತ ಬೇಕು, ಮನೆಯಲ್ಲಿ ಒಂದು ಕಾಳಿಲ್ಲ, ಮುಹೂರ್ತ ಮೀರುತ್ತಿದೆ. ಆಗ ಯಾರಿಗೋ ಲಕೋಟೆ ನೆನಪಾಯಿತು. ಸೇರಿನ ತುಂಬ ರಾಗಿ ಸುರಿದು ಮೇಲೆ ಅತ್ತೆಯ ಭತ್ತ ಹರಡಿದರು. ಅವಳು ಬಲಗಾಲಲ್ಲಿ ಒದ್ದಳು. ಚೆಲ್ಲಿದ್ದನ್ನು ಗುಡಿಸಿ ಹಿತ್ತಲಿಗೆ ಹಾಕಿದರು, ಗುಬ್ಬಿಗಳು ತಿಂದವು. ಹೇಳಿ ಮುಗಿಸಿದ ಆ ಹುಡುಗಿಗೆ ಅಳುವೇ ಬಂದುಬಿಟ್ಟಿತ್ತು.

"ಅಳ್ಬೇಡ ಕಣವ್ವ," ಎಂದರು ಅತ್ತೆ. "ಒಳ್ಳೇ ಕೆಲಸಕ್ಕೇ ಬಂತಲ್ಲ."

ವಾಪಸು ಬರುವಾಗ ಅತ್ತೆ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದರು. ಪಕ್ಕದವರು ತಾವಾಗಿಯೇ ಏನೋ ಕೇಳಿದರೂ ಹೂಂ ಎಂದರು ಅಷ್ಟೆ. ನನಗೆ ಹೆದರಿಕೆಯಾಯಿತು. ಬುದ್ಧಿ ಬಂದಾಗಿನಿಂದ ನಾನು ಅತ್ತೆ ಸುಮ್ಮನಿದ್ದುದನ್ನು ನೋಡಿರಲಿಲ್ಲ.

ಮೂರು ದಿನ ಹಾಗೇ ಇದ್ದರು. ತಾರಸಿ ಹತ್ತಲಿಲ್ಲ, ಫೋನು ಮುಟ್ಟಲಿಲ್ಲ, ನನ್ನ ಹೊಸ ಪ್ರಿಂಟರ್ ಹಾರ ಹಾಕಿಕೊಂಡು ಸುಮ್ಮನೆ ಕುಳಿತಿತ್ತು. ಯಾರನ್ನೂ ಬೈಯಲಿಲ್ಲ, ಅದೇ ತಡೆಯಲಾಗದ್ದು. ಬೈದಿದ್ದರೆ ನಾನೂ ಮಾವನೂ ಬದುಕಿಕೊಳ್ಳುತ್ತಿದ್ದೆವು. ಈ ನಡುವೆ ಎರಡು ಒಳ್ಳೆಯ ಮಳೆ ಬಿದ್ದವು. ಊರೆಲ್ಲ ಸಸಿಮಡಿ ಹಾಕುವ ಗಡಿಬಿಡಿಯಲ್ಲಿತ್ತು.

ನಾಲ್ಕನೇ ದಿನ ಬೆಳಗ್ಗೆ ನಡೆಯಲು ಹೋದ ಮಾವ ಎಂಟಾದರೂ ಬರಲಿಲ್ಲ. ಒಂಬತ್ತಾಯಿತು. ಅತ್ತೆ ನನಗೆ ಫೋನು ಮಾಡಿದರು. ನಾನು ಅಂಗಡಿಯ ಬಾಗಿಲು ಎಳೆದು ಅವರ ಮನೆಗೆ ಹೋಗಿ, ಇಬ್ಬರೂ ಸ್ಕೂಟರ್ ಹತ್ತಬೇಕು ಅನ್ನುವಷ್ಟರಲ್ಲಿ ಬೀದಿಯ ತುದಿಯಲ್ಲಿ ಮಾವ ಕಂಡರು. ಕಾಲಲ್ಲಿ ಚಪ್ಪಲಿಯಿಲ್ಲ. ಪಂಚೆ ಎತ್ತಿ ಕಟ್ಟಿದ್ದರು. ಮೊಣಕಾಲವರೆಗೆ ಕೆಸರು, ಒಣಗಿದ ಕಡೆಯೆಲ್ಲ ಬಿಳಿ ಬಿಳಿ ಪಟ್ಟೆ. ಆ ಬಿಳಿ ಎಲ್ಲಿಯದೆಂದು ಅತ್ತೆಗೂ ನನಗೂ ಯಾರೂ ಹೇಳಬೇಕಾಗಿರಲಿಲ್ಲ.

ಮಾವ ಮೆಟ್ಟಿಲ ಮೇಲೆ ಕುಳಿತು ಉಸಿರು ಬಿಟ್ಟರು. "ಹನ್ನೊಂದು ಅವೆ," ಎಂದರು.

ಅತ್ತೆಗೆ ತಿಳಿಯಲಿಲ್ಲ.

"ನಿನ್ನ ಹುಡುಗ್ರು. ಕೊಯ್ಲಾಗೆ ಉದುರಿದ ಕಾಳು ಮಳೆಗೆ ತಾವೇ ಹುಟ್ಟ್ಯಾವೆ. ಆ ಬಿಳಿ ಮಣ್ಣಾಗೇ. ದನ ತುಳಿದಾವು ಅಂತ ಸುತ್ತ ಮುಳ್ಳು ಹಾಕಿ ಬಂದೀನಿ."

ಮೂಲೆ ಪೂರ್ತಿ ಹಸಿರಾದರೆ ಬರುತ್ತೇನೆ ಎಂದಿದ್ದವರು, ಅದು ಪೂರ್ತಿ ಬರಿದಾಗಿರುವಾಗ, ಹೆಂಡತಿಗಾಗಿ ಒಂದು ಕಾಳಾದರೂ ಸಿಕ್ಕೀತೆ ಎಂದು ಹುಡುಕಿಕೊಂಡು ಒಬ್ಬರೇ ಹೋಗಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಸ್ಕೂಟರಿನ ಕನ್ನಡಿ ಒರೆಸುವವನಂತೆ ಆ ಕಡೆ ತಿರುಗಿದೆ. ಈಗ ಅತ್ತೆ ಶುರು ಮಾಡುತ್ತಾರೆ, ನಾಲ್ಕನೇ ತಲೆಮಾರು, ಗುರುತು, ಮೀಥೈಲ್ ಎಂದು ಕಾದೆ. ಅವರು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದರು. ಮಾವನ ಕಾಲ ಬಳಿ ಕುಳಿತು, ಸೆರಗಿನ ತುದಿ ನೆನೆಸಿ, ಒಡೆದ ಹಿಮ್ಮಡಿಯ ಬಿರುಕುಗಳಲ್ಲಿ ಸೇರಿಕೊಂಡಿದ್ದ ಉಪ್ಪಿನ ಮಣ್ಣನ್ನು ಮೆಲ್ಲಗೆ ತೆಗೆಯತೊಡಗಿದರು.

"ಉರೀತೈತೇನ್ರೀ?" ಎಂದು ಕೇಳಿದರು.

"ಉರೀಲಿ ಬಿಡು," ಎಂದರು ಮಾವ. "ನಾಳೆ ನೀನೂ ಬಾ. ನಾನು ಎಣಿಸಿದ್ದು ತಪ್ಪಿರಬೋದು."